ಜ್ವರ ಬಿಟ್ಟ ಮೇಲೂ ಸ್ಲೈಡ್ ನೋಡಿ: ಮಕ್ಕಳ ಮಲೇರಿಯಾದಲ್ಲಿ ಔಷಧದ ಮೇಲೆ ಕಣ್ಣಿಡುವುದು ಹೇಗೆ?

ವಿಶ್ವೇಶ್ವರಯ್ಯ ನಾಲೆಯ ನೀರು ಹೊಸದಾಗಿ ಗದ್ದೆಗೆ ಹರಿದ ಕಾಲದಲ್ಲಿ ಮಂಡ್ಯ ಸೀಮೆಯವರಿಗೆ ಚಳಿಜ್ವರದ ಕಾಟ ಬಹಳ ಇತ್ತು. ಈಗ ಮೈಸೂರು, ಮಂಡ್ಯ ಎರಡೂ ಕಡೆ ಮಲೇರಿಯಾ ಅಪರೂಪ. ಹಾಗಂತ ಮರೆಯುವ ಹಾಗಿಲ್ಲ. ಆಲೆಮನೆಗೋ ಕಟ್ಟಡ ಕೆಲಸಕ್ಕೋ ದೂರದ ರಾಜ್ಯಗಳಿಂದ ಬರುವ ಕುಟುಂಬಗಳ ಮಗುವಿಗೆ ಅದು ಬರಬಹುದು. ಕೇಸ್ ಕಡಿಮೆ ಇರುವ ಜಿಲ್ಲೆಯಲ್ಲಿ ಒಂದು ಮಗುವಿನ ರಕ್ತ ಹೇಳುವ ಸುದ್ದಿಗೂ ಬೆಲೆ ಜಾಸ್ತಿ.

ತೀವ್ರ ಮಲೇರಿಯಾಗೆ ಇವತ್ತು ನಮ್ಮ ಕೈಯಲ್ಲಿರುವ ಒಳ್ಳೆಯ ಔಷಧ ಆರ್ಟಿಸುನೇಟ್ ಇಂಜೆಕ್ಷನ್. ಆಫ್ರಿಕಾದ 5,425 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಹಳೆಯ ಔಷಧ ಕ್ವಿನೈನ್ ಪಡೆದವರಲ್ಲಿ ಸಾವು ಶೇ 10.9, ಆರ್ಟಿಸುನೇಟ್ ಪಡೆದವರಲ್ಲಿ ಶೇ 8.5. ಆದರೆ 2024ರಲ್ಲಿ ಉಗಾಂಡದ ಜಿಂಜಾದಿಂದ ಆತಂಕದ ಸುದ್ದಿ ಬಂತು. ತೀವ್ರ ಮಲೇರಿಯಾ ಇದ್ದ 100 ಮಕ್ಕಳಲ್ಲಿ 11 ಮಕ್ಕಳ ರಕ್ತದಿಂದ ರೋಗಾಣು ನಿಧಾನವಾಗಿ ಹೋಗುತ್ತಿತ್ತು. ಇದನ್ನು ಭಾಗಶಃ ನಿರೋಧಕತೆ ಎನ್ನುತ್ತಾರೆ. ಔಷಧ ಕೆಲಸ ಮಾಡುತ್ತದೆ, ಆದರೆ ತಡವಾಗಿ. ಮೆದುಳಿಗೆ ಮಲೇರಿಯಾ ಏರಿದ ಮಗು ಆ ತಡವನ್ನು ತಾಳಲಾರದು.

ಹಾಗಾದರೆ ಗಮನಿಸುವುದು ಹೇಗೆ?

ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಸೂಕ್ಷ್ಮದರ್ಶಕದಲ್ಲಿ ನೋಡಲು ರಕ್ತದ ಸ್ಲೈಡ್ ಮಾಡಿಕೊಳ್ಳಿ. ಫಿಲ್ಟರ್ ಪೇಪರ್ ಮೇಲೂ ಕೆಲವು ಹನಿ ರಕ್ತ ಹಾಕಿ, ನೆರಳಲ್ಲಿ ಒಣಗಿಸಿ, ಸಿಲಿಕಾ ಜೆಲ್ ಜೊತೆ ಪುಟ್ಟ ಕವರ್‌ನಲ್ಲಿಡಿ. ಮುಂದೆ ರೋಗಾಣುವಿನ ಜೀನ್ ಪರೀಕ್ಷೆ ಬೇಕಾದರೆ ಇದೇ ಆಧಾರ. ಇದಕ್ಕಾಗಿ ಚಿಕಿತ್ಸೆ ಮಾತ್ರ ಒಂದು ನಿಮಿಷವೂ ತಡವಾಗಬಾರದು.

ಆಮೇಲೆ ಮಗುವನ್ನು ತೂಕ ಹಾಕಿ. ಅಂದಾಜು ಬೇಡ. 20 ಕಿಲೋಗಿಂತ ಕಡಿಮೆ ಇದ್ದರೆ ಕಿಲೋಗೆ 3 ಮಿಲಿಗ್ರಾಂ, ಅದಕ್ಕಿಂತ ಮೇಲಿದ್ದರೆ 2.4. ದಾಖಲಾದಾಗ ಒಂದು, 12 ಗಂಟೆಗೆ ಒಂದು, 24 ಗಂಟೆಗೆ ಒಂದು, ನಂತರ ದಿನಕ್ಕೊಂದು. ಡೋಸ್ ಕಡಿಮೆಯಾಗಿ ಜ್ವರ ಉಳಿದರೆ ಅದು ನಿರೋಧಕತೆ ಅಲ್ಲ, ನಮ್ಮ ಲೆಕ್ಕದ ತಪ್ಪು.

ಇನ್ನು ಎಣಿಕೆ. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ‘ಪಾಸಿಟಿವ್’ ಎಂದು ಬರೆದು ಸುಮ್ನೆ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಗೀಮ್ಸಾ ಬಣ್ಣ ಹಾಕಿದ ರಕ್ತದ ದಪ್ಪ ಲೇಪನದಲ್ಲಿ ತೆಳು ನೀಲಿ ಉಂಗುರ, ಅದರಂಚಿಗೆ ಕೆಂಪು ಚುಕ್ಕಿ ಕಾಣುತ್ತದೆ. 200 ಬಿಳಿ ರಕ್ತಕಣ ಎಣಿಸುವಷ್ಟರಲ್ಲಿ ಅಂಥ ರೋಗಾಣು ಎಷ್ಟು ಸಿಕ್ಕವು ನೋಡಿ, 40ರಿಂದ ಗುಣಿಸಿ. 150 ಸಿಕ್ಕರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 6,000. ಬಾಳೆಕಾಯಿ ಆಕಾರದ ಗ್ಯಾಮಿಟೋಸೈಟ್‌ಗಳನ್ನು (ಸೊಳ್ಳೆಗೆ ದಾಟುವ ಹಂತದ ರೋಗಾಣು) ಈ ಲೆಕ್ಕಕ್ಕೆ ಸೇರಿಸಬೇಡಿ. ಚಿಕಿತ್ಸೆ ಫಲಿಸಿದ ಮೇಲೂ ಅವು ಕೆಲವು ದಿನ ಉಳಿಯುತ್ತವೆ.

ಆರು ಗಂಟೆಗೊಮ್ಮೆ ಸ್ಲೈಡ್ ಮಾಡಲು ಆದರೆ ಬಹಳ ಒಳ್ಳೆಯದು. ಎಣಿಕೆ ಅರ್ಧಕ್ಕೆ ಇಳಿಯಲು 5 ಗಂಟೆಗಿಂತ ಜಾಸ್ತಿ ಹಿಡಿಯುತ್ತಿದ್ದರೆ ಅನುಮಾನ ಪಡಬೇಕು. ಅಷ್ಟು ಆಗದಿದ್ದರೆ ದಿನಕ್ಕೊಂದಾದರೂ ಇರಲಿ. ಮೊದಲ ದಿನ ಎಣಿಕೆ ಏರಿದರೆ ಗಾಬರಿ ಬೇಡ. ಸೂಕ್ಷ್ಮ ರಕ್ತನಾಳಗಳಲ್ಲಿ ಅಂಟಿಕೊಂಡಿದ್ದ ರೋಗಾಣುಗಳು ಒಡೆದು ಹೊಸವು ಹೊರಬರುತ್ತಿರಬಹುದು. ತಪ್ಪಿಸಲೇಬಾರದ್ದು 72ನೇ ಗಂಟೆಯ ಸ್ಲೈಡ್. ಚಿಕಿತ್ಸೆ ಶುರುವಾದ ದಿನ ಸೊನ್ನೆ, ಒಂದಲ್ಲ. ಇಲ್ಲಿ ಎಡವಿದರೆ ಮೂರನೇ ದಿನದ ಸ್ಲೈಡ್ ಎರಡನೇ ದಿನವೇ ಆಗಿಬಿಡುತ್ತದೆ. 72ನೇ ಗಂಟೆಯಲ್ಲೂ ಫಾಲ್ಸಿಪಾರಂ (ಮಲೇರಿಯಾದ ಹೆಚ್ಚು ಅಪಾಯಕಾರಿ ಬಗೆಯ ರೋಗಾಣು) ಕಂಡರೆ ವೈದ್ಯರು ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗೆ ತಿಳಿಸಿ, ಫಿಲ್ಟರ್ ಪೇಪರ್ ಮಾದರಿಯಲ್ಲಿ ಈ ನಿರೋಧಕತೆಯ ಸುಳಿವು ಕೊಡುವ ಕೆಲ್ಚ್13 ಜೀನ್ ಪರೀಕ್ಷೆಗೆ ಕೇಳಬೇಕು.

ಕನಿಷ್ಠ 24 ಗಂಟೆ ಇಂಜೆಕ್ಷನ್ ಕೊಟ್ಟು, ಮಗು ನುಂಗುವಂತಾದ ಮೇಲೆ ಮೂರು ದಿನದ ಎಸಿಟಿ (ಆರ್ಟಿಸುನೇಟ್‌ನಂಥ ಔಷಧದ ಜೊತೆ ಇನ್ನೊಂದು ಸೇರಿಸಿದ) ಮಾತ್ರೆ ಪೂರ್ತಿ ಕೊಡಬೇಕು. ಅಮ್ಮಂದಿರೇ, ಮಾತ್ರೆ ಕೊಟ್ಟ ಅರ್ಧ ಗಂಟೆಯೊಳಗೆ ಮಗು ವಾಂತಿ ಮಾಡಿದರೆ ನರ್ಸ್‌ಗೆ ಹೇಳಿ, ಮತ್ತೆ ಕೊಡುತ್ತಾರೆ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಮನೆಗೆ ಹೋದ ಮೇಲೆ 7, 14, 21, 28ನೇ ದಿನ ಮತ್ತೆ ಸ್ಲೈಡ್. ರ‍್ಯಾಪಿಡ್ ಕಿಟ್ ಇದಕ್ಕೆ ಆಗುವುದಿಲ್ಲ. ಫಾಲ್ಸಿಪಾರಂ ಹಿಡಿಯುವ ಕಿಟ್‌ಗಳಲ್ಲಿ ಹಲವು, ರೋಗಾಣು ಸತ್ತು ವಾರಗಳಾದರೂ ಗೆರೆ ತೋರಿಸುತ್ತವೆ. ಹಿಮೋಗ್ಲೋಬಿನ್ ಕೂಡ ನೋಡಬೇಕು. ಆರ್ಟಿಸುನೇಟ್ ಪಡೆದ ಕೆಲವು ಮಕ್ಕಳಲ್ಲಿ ಒಂದು ವಾರದ ಬಳಿಕ ರಕ್ತಕಣ ಒಡೆದು ರಕ್ತಹೀನತೆ ಆಗುವುದುಂಟು. ಮಗು ಬಿಳಿಚಿಕೊಂಡರೆ, ಮೂತ್ರ ಕಪ್ಪಾದರೆ ಕಾಯಬೇಡಿ.

ಈ ನಡುವೆ ರೋಗಾಣು ಮತ್ತೆ ಕಂಡರೆ? ಹಳೆಯದೇ ಉಳಿದಿತ್ತೋ, ಹೊಸ ಸೊಳ್ಳೆ ಕಚ್ಚಿತೋ ಎಂದು ಪಿಸಿಆರ್ ಎಂಬ ಜೀನ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಮೊದಲ ಮತ್ತು ಈಗಿನ ಫಿಲ್ಟರ್ ಪೇಪರ್ ಎರಡನ್ನೂ ಹೋಲಿಸುತ್ತಾರೆ. ಮಲೇರಿಯಾದ ಇನ್ನೊಂದು ಬಗೆ ವೈವಾಕ್ಸ್ ಆಗಿದ್ದರೆ ಯಕೃತ್ತಿನಲ್ಲಿ ಅಡಗಿದ್ದದ್ದೂ ಎದ್ದು ಬರಬಹುದು, ಹಾಗಾಗಿ ಅದರ ಲೆಕ್ಕವೇ ಬೇರೆ. ಹೀಗೆ ದಿನ ಲೆಕ್ಕ ಹಾಕಿ ರೋಗಿಗಳ ಮೇಲೆ ನಿಗಾ ಇಡುವ ಅಧ್ಯಯನಗಳಲ್ಲಿ ಶೇ 10ಕ್ಕಿಂತ ಹೆಚ್ಚು ರೋಗಿಗಳಲ್ಲಿ ಚಿಕಿತ್ಸೆ ಸೋತರೆ ಔಷಧ ನೀತಿಯನ್ನೇ ಬದಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆಲೆಮನೆ ಕೆಲಸದ ಕುಟುಂಬ 28 ದಿನ ಒಂದೇ ಕಡೆ ಇರುತ್ತದೆ ಎಂಬ ಖಾತ್ರಿ ಇಲ್ಲ ಅಲ್ವಾ? ಅದಕ್ಕೇ ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕೂ ತಾರೀಕು, ಕೊಟ್ಟ ಔಷಧ, ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಬರೆದುಕೊಡಿ. ಆ ಕುಟುಂಬದವರಿಗೆ ಕನ್ನಡ ಓದಲು ಬರದಿದ್ದರೆ ಅವರ ಭಾಷೆ ಬಲ್ಲವರಿಂದ ಬರೆಸಿ. ಮುಂದಿನ ಊರಿನ ಆಸ್ಪತ್ರೆಯವರು ಅಲ್ಲಿಂದಲೇ ಮುಂದುವರಿಸಬಹುದು.