‘ಟ್ರಯಲ್‌ಗೆ ಸೇರ್ತೀರಾ?’ ಅಂತ ಡಾಕ್ಟರ್ ಕೇಳಿದರೆ

ಓಪಿಡಿ ಸಾಲಿನಲ್ಲಿ ಕಾದು ಕಾದು ಒಳಗೆ ಹೋಗಿದ್ದೀರಿ. ಔಷಧಿ ಚೀಟಿ ಬರೆದಾದ ಮೇಲೆ ಡಾಕ್ಟರ್, “ಅಮ್ಮಾ, ಇಲ್ಲೊಂದು ಸ್ಟಡಿ ನಡೀತಿದೆ, ಸೇರ್ಕೋತೀರಾ?” ಅನ್ನುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್, ಮಂಡ್ಯದ ಮಿಮ್ಸ್ ಎಲ್ಲವೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಅಲ್ಲಿ ಚಿಕಿತ್ಸೆ, ಪಾಠದ ಜೊತೆ ಸಂಶೋಧನೆಯೂ ನಡೆಯುತ್ತದೆ. ಹಾಗಾಗಿ ಈ ಪ್ರಶ್ನೆ ಯಾರಿಗೆ ಬೇಕಾದರೂ ಬರಬಹುದು.

ಮೊದಲು, ಅದು ಎಂಥ ಸ್ಟಡಿ ಅಂತ ಕೇಳಿ. ಕೆಲವದರಲ್ಲಿ ಹೊಸ ಔಷಧಿಯೇ ಇರುವುದಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯದ್ದೇ ನೋಡಿ. ಅಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ, ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿ ಹೃದಯದ ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹಳೇ ಹೆರಿಗೆ ದಾಖಲೆಗಳಿಂದ ಇಷ್ಟು ದೊಡ್ಡ ಸಂಗತಿ! ಇಂಥದ್ದಕ್ಕೆ ಸೇರಲು ಜಾಸ್ತಿ ಯೋಚನೆ ಬೇಕಿಲ್ಲ. ಹೊಸ ಔಷಧಿ, ಲಸಿಕೆಯ ಟ್ರಯಲ್, ಅಂದರೆ ಅದನ್ನು ಜನರಿಗೆ ಕೊಟ್ಟು ಪರೀಕ್ಷಿಸುವುದಾದರೆ ಮಾತ್ರ ನಿಧಾನಿಸಿ. 2020ರಲ್ಲಿ ಕೋವಿಶೀಲ್ಡ್ ಲಸಿಕೆಯ ಪರೀಕ್ಷೆ ನಡೆದ ಕಡೆಗಳಲ್ಲಿ ಮೈಸೂರಿನ ಜೆಎಸ್‌ಎಸ್ ಕೂಡ ಒಂದು.

ಎರಡನೆಯದು, ನನ್ನ ಪ್ರಕಾರ ಇದೇ ಮುಖ್ಯ: ಮಾಹಿತಿ ಪತ್ರ ಈಸಿಕೊಂಡು ಮನೆಗೆ ತನ್ನಿ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ‘ಸುಮ್ನೆ ಫಾರ್ಮಾಲಿಟಿ, ಇಲ್ಲೊಂದು ಸೈನ್ ಹಾಕಿ’ ಅಂದರೆ ಹಾಕಬೇಡಿ. ಮಗನ ಜೊತೆ, ಸೊಸೆಯ ಜೊತೆ ಕೂತು ಓದಿ. ಎಷ್ಟು ಸಲ ಬರಬೇಕು, ಎಷ್ಟು ರಕ್ತ ತೆಗೆಯುತ್ತಾರೆ, ಮಳವಳ್ಳಿಯಿಂದಲೋ ಕೆ.ಆರ್. ಪೇಟೆಯಿಂದಲೋ ಬಂದು ಹೋಗುವ ಬಸ್ ಚಾರ್ಜ್ ಯಾರು ಕೊಡುತ್ತಾರೆ, ತೊಂದರೆಯಾದರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ನೋಡಿ. ಇಲ್ಲದಿದ್ದರೆ ಕೇಳಿ.

ಇನ್ನೊಂದು ಪ್ರಶ್ನೆಯನ್ನಂತೂ ಬಿಡಬೇಡಿ: ‘ನನಗೆ ಸಿಗೋದು ಹೊಸ ಔಷಧಿಯೇನಾ?’ ಎಷ್ಟೋ ಟ್ರಯಲ್‌ಗಳಲ್ಲಿ ಚೀಟಿ ಎತ್ತಿದ ಹಾಗೆ ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಈಗಿರುವ ಔಷಧಿ ಅಥವಾ ಡಮ್ಮಿ ಮಾತ್ರೆ. ಯಾರಿಗೆ ಯಾವುದು ಅನ್ನುವುದು ಕೆಲವು ಸಲ ಡಾಕ್ಟರಿಗೂ ಗೊತ್ತಿರುವುದಿಲ್ಲ. ಇದು ಮೋಸವಲ್ಲ, ಹೋಲಿಸಿ ನೋಡುವ ಕ್ರಮವೇ ಅದು. ಆದರೆ ಮೊದಲೇ ತಿಳಿಸಬೇಕು.

ಆಮೇಲೆ ಮೊಬೈಲ್ ತೆಗೆಯಿರಿ. ಔಷಧಿ ಟ್ರಯಲ್‌ಗಳನ್ನು ಶುರುವಿಗೆ ಮುಂಚೆ ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಡಾಕ್ಟರ ಹತ್ತಿರ ನೋಂದಣಿ ನಂಬರ್ ಕೇಳಿ ಅದರ ವೆಬ್‌ಸೈಟಿನಲ್ಲಿ ಹಾಕಿದರೆ ಹಣ ಹಾಕುತ್ತಿರುವವರು ಯಾರು, ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ ಎಲ್ಲ ಸಿಗುತ್ತದೆ. ಟ್ರಯಲ್ ನಡೆಸುವುದು ಸರಿಯಾ ಅಂತ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯಾ ಅಂತಲೂ ನೋಡಿ. ಆ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಬರೀ ಡಾಕ್ಟರುಗಳೇ ಅಲ್ಲ, ಕಾನೂನು ಬಲ್ಲವರು, ನಮ್ಮಂಥ ಸಾಮಾನ್ಯರೂ ಇರುತ್ತಾರೆ.

ಎಲ್ಲ ಸರಿ ಅನ್ನಿಸಿದರೆ ಸಹಿ ಹಾಕಿ. ತಾರೀಖನ್ನೂ ನೀವೇ ಬರೆಯಿರಿ. ಓದು ಬಾರದವರಾದರೆ ಹೆಬ್ಬೆಟ್ಟು ಸಾಕು, ಆದರೆ ಟ್ರಯಲ್‌ಗೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಒಂದು ಪ್ರತಿ ನಿಮ್ಮದು, ಕೇಳಿ ಪಡೆಯಿರಿ.

ಸೇರಿದ ಮೇಲೆ ಮಾತ್ರೆ ಸ್ಟ್ರಿಪ್, ಡಬ್ಬಿ ಎಸೆಯಬೇಡಿ. ಪ್ರತಿ ಭೇಟಿಯಲ್ಲೂ ಉಳಿದ ಮಾತ್ರೆ ಎಣಿಸುತ್ತಾರೆ. ಬೈತಾರೇನೋ ಅಂತ ಮರೆತ ಮಾತ್ರೆಯನ್ನು ಬಚ್ಚಲಿಗೆ ಹಾಕುವವರಿದ್ದಾರೆ. ಅದರಿಂದ ಲೆಕ್ಕವೇ ತಪ್ಪಿಹೋಗುತ್ತದೆ. ಮರೆತೆ ಅಂತ ಹೇಳಿದರೆ ಸಾಕು. ಕಷಾಯ, ನಾಟಿ ಔಷಧಿ, ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಏನೇ ತೆಗೆದುಕೊಂಡರೂ ಹೇಳಿ. ಟ್ರಯಲ್‌ನಿಂದ ತೊಂದರೆಯಾದರೆ 2019ರ ನಿಯಮದ ಪ್ರಕಾರ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು.

ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಡಬಹುದು, ಕಾರಣವನ್ನೂ ಹೇಳಬೇಕಾಗಿಲ್ಲ. ಅದೇ ಆಸ್ಪತ್ರೆಯಲ್ಲಿ ನಿಮ್ಮ ಮಾಮೂಲಿ ಚಿಕಿತ್ಸೆ ಹಾಗೇ ಮುಂದುವರಿಯಬೇಕು. ಆದರೆ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಹೋಗಿ ಹೇಳಿ, ಹೇಗೆ ಬಿಡಬೇಕು ಅಂತ ಕೇಳಿಕೊಂಡೇ ಬಿಡಿ.