ಕಾರಿನ ಕಳವು ತಡೆ ಸಾಧನಕ್ಕೆ ರಿಯಾಯಿತಿ ಪಡೆಯುವುದು ಹೇಗೆ?

ಕಾರಿಗೆ ಇಮ್ಮೊಬಿಲೈಸರ್ (ಸರಿಯಾದ ಕೀಲಿಯಿಲ್ಲದೆ ಕಾರು ಚಾಲೂ ಆಗದಂತೆ ತಡೆಯುವ ಸಾಧನ), ಅಲಾರಾಂ ಅಥವಾ ಜಿಪಿಎಸ್ ಟ್ರ್ಯಾಕರ್ ಹಾಕಿಸಿದರೆ ಸರ್ಕಾರದಿಂದ ಸಹಾಯಧನ ಸಿಗುತ್ತದೆಯೇ ಎಂದು ಬೆಂಗಳೂರಿನಲ್ಲಿ ಅನೇಕರು ವಿಚಾರಿಸುತ್ತಾರೆ. ಖಾಸಗಿ ಕಾರಿನ ಮಾಲೀಕರ ಕೈಗೆ ನೇರವಾಗಿ ಹಣ ಕೊಡುವ ಅಂಥ ಯೋಜನೆ ಕರ್ನಾಟಕದಲ್ಲಿ ಇಲ್ಲ. ಸಬ್ಸಿಡಿ ಮಾಡಿಸಿಕೊಡುತ್ತೇವೆಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ಸಿಗಬಹುದಾದ ಸೌಲಭ್ಯವೆಂದರೆ ವಿಮಾ ಕಂತಿನಲ್ಲಿ ರಿಯಾಯಿತಿ. 2002ರ ಭಾರತೀಯ ಮೋಟಾರು ದರಪಟ್ಟಿಯ ಪ್ರಕಾರ, ವಾಹನ ಮತ್ತು ಅದರ ಸಾಧನಗಳನ್ನು ಪರೀಕ್ಷಿಸುವ ಪುಣೆಯ ಎ.ಆರ್.ಎ.ಐ. ಸಂಸ್ಥೆ ಅನುಮೋದಿಸಿದ ಸಾಧನವನ್ನು ಅಳವಡಿಸಿ, ಅದನ್ನು ಮಾನ್ಯತೆ ಪಡೆದ ವಾಹನ ಮಾಲೀಕರ ಸಂಘವೊಂದು ದೃಢೀಕರಿಸಿದ್ದರೆ, ‘ಸ್ವಂತ ಹಾನಿ’ (ನಿಮ್ಮದೇ ಕಾರಿಗೆ ಆಗುವ ನಷ್ಟ) ಭಾಗದ ಕಂತಿನಲ್ಲಿ ಶೇ 2.5ರಷ್ಟು, ಗರಿಷ್ಠ 500 ರೂಪಾಯಿ ರಿಯಾಯಿತಿ ಸಿಗುತ್ತದೆ.

ಮೊದಲು ನಿಮ್ಮ ಪಾಲಿಸಿಯನ್ನು ತೆರೆದು ಕಂತಿನ ವಿವರವಿರುವ ಪುಟವನ್ನು ನೋಡಿ. ಅಲ್ಲಿ ಒಂದು ಕಡೆ ‘ಓನ್ ಡ್ಯಾಮೇಜ್’ (ಸ್ವಂತ ಹಾನಿ), ಇನ್ನೊಂದು ಕಡೆ ‘ಥರ್ಡ್ ಪಾರ್ಟಿ’ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟ) ಎಂದು ಎರಡು ಲೆಕ್ಕಗಳಿರುತ್ತವೆ. ಕಾಲಂ ಒಂದೇ ಇದ್ದು ಅದು ಥರ್ಡ್ ಪಾರ್ಟಿಯದ್ದಾಗಿದ್ದರೆ ರಿಯಾಯಿತಿಯ ಪ್ರಶ್ನೆಯೇ ಬರುವುದಿಲ್ಲ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಅಂಥ ಪಾಲಿಸಿಯಲ್ಲಿ ಕಾರು ಕಳವಾದರೆ ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಳೆಯ ಕಾರಿಗೆ ಇಷ್ಟು ಸಾಕು ಎಂದು ಥರ್ಡ್ ಪಾರ್ಟಿ ವಿಮೆಯನ್ನಷ್ಟೇ ಮಾಡಿಸಿ, ಸಾವಿರಾರು ರೂಪಾಯಿಯ ಲಾಕ್ ಹಾಕಿಸುವವರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಎರಡೂ ಇದ್ದರೆ ಲೆಕ್ಕ ಸುಲಭ. ಸ್ವಂತ ಹಾನಿಯ ಕಂತು 12,000 ರೂಪಾಯಿ ಎಂದಿಟ್ಟುಕೊಂಡರೆ ರಿಯಾಯಿತಿ 300 ರೂಪಾಯಿ. ಆ ಮೊತ್ತದ ಮೇಲಿನ ಶೇ 18ರ ಜಿಎಸ್‌ಟಿಯೂ ತಪ್ಪುವುದರಿಂದ ಉಳಿಯುವುದು 354 ರೂಪಾಯಿ. ಕಂತು 20,000 ದಾಟಿದ ಮೇಲೆ ರಿಯಾಯಿತಿ 500ಕ್ಕೇ ನಿಲ್ಲುತ್ತದೆ. ಸಾಧನದ ಬೆಲೆಯನ್ನು ಇದು ಭರಿಸುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಹಣ ಕೊಡುವುದಕ್ಕೆ ಮುಂಚೆ ವಿಮಾ ಕಂಪನಿಗೆ ಒಂದು ಇ–ಮೇಲ್ ಕಳುಹಿಸಿ, ನೀವು ಆರಿಸಿಕೊಂಡ ಮಾದರಿಗೆ ರಿಯಾಯಿತಿ ಕೊಡುತ್ತಾರೆಯೇ, ಸಾಧನ ಅಳವಡಿಸಿದ್ದಕ್ಕೆ ಯಾರ ಪ್ರಮಾಣಪತ್ರವನ್ನು ಒಪ್ಪುತ್ತಾರೆ ಎಂದು ಕೇಳಿ. 2007ರಿಂದ ಸ್ವಂತ ಹಾನಿಯ ದರವನ್ನು ಕಂಪನಿಗಳೇ ನಿಗದಿಪಡಿಸುತ್ತಿರುವುದರಿಂದ ಪದ್ಧತಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ; ಫೋನಿನಲ್ಲಿ ಏಜೆಂಟರು ಕೊಡುವ ಭರವಸೆಗಿಂತ ಲಿಖಿತ ಉತ್ತರಕ್ಕೆ ಬೆಲೆ ಹೆಚ್ಚು. ಕಾರ್ಖಾನೆಯಿಂದಲೇ ಇಮ್ಮೊಬಿಲೈಸರ್ ಬಂದಿರುವ ಕಾರಾದರೆ, ಅದನ್ನು ಪಾಲಿಸಿಯಲ್ಲಿ ನಮೂದಿಸಿದ್ದಾರೆಯೇ ಎಂದೂ ಕೇಳಿ. ಕೀಲಿಯೊಳಗಿನ ಚಿಪ್‌ನ ಸಂಕೇತ ಎಂಜಿನ್ನಿನ ಕಂಪ್ಯೂಟರಿಗೆ ಹೊಂದದಿದ್ದರೆ ಕಾರು ಚಾಲೂ ಆಗದಂತೆ ತಡೆಯುವ ಈ ವ್ಯವಸ್ಥೆ ನಿಮ್ಮ ಕಾರಿನಲ್ಲಿ ಈಗಾಗಲೇ ಇರಬಹುದು.

ಜೆ.ಸಿ. ರಸ್ತೆಯಲ್ಲಾಗಲಿ, ಬಡಾವಣೆಯ ಅಂಗಡಿಯಲ್ಲಾಗಲಿ ಕೊಳ್ಳುವಾಗ ಎ.ಆರ್.ಎ.ಐ. ಅನುಮೋದನೆಯ ಪ್ರತಿಯನ್ನು ಕೇಳಿ ಪಡೆಯಿರಿ. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರನ್ನು ಮಾತ್ರ ನಂಬಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಸಾಧನದ ಮಾದರಿ ಮತ್ತು ಕ್ರಮಸಂಖ್ಯೆ, ಪ್ರಮಾಣಪತ್ರದಲ್ಲಿ ಕಾರಿನ ನೋಂದಣಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಇರಲೇಬೇಕು. ಚಾಸಿ ಸಂಖ್ಯೆಯನ್ನು ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರವಾಗಿ ಹೋಲಿಸಿ ನೋಡಿ, ಏಕೆಂದರೆ ಒಂದು ಅಂಕಿ ತಪ್ಪಿದರೂ ಆ ಪತ್ರ ನಿಮ್ಮ ಕಾರಿನದೆಂದು ಸಾಬೀತುಪಡಿಸುವುದು ಕಷ್ಟ. ವೈರಿಂಗ್ ಕತ್ತರಿಸಬೇಕಾದ ಸಾಧನವಾದರೆ, ವಾರಂಟಿಗೆ ತೊಂದರೆಯಾಗುವುದೇ ಎಂದು ಷೋರೂಮಿನಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಬಳಿಕ ಬಿಲ್ಲು ಮತ್ತು ಪ್ರಮಾಣಪತ್ರದ ಪ್ರತಿಗಳನ್ನು ವಿಮಾ ಕಂಪನಿಗೆ ಕಳುಹಿಸಿ, ಸಾಧನವನ್ನು ನಮೂದಿಸಿ ಪಾಲಿಸಿಗೆ ಎಂಡಾರ್ಸ್‌ಮೆಂಟ್ (ತಿದ್ದುಪಡಿ ಪತ್ರ) ಕೊಡುವಂತೆ ಕೋರಿ. ನವೀಕರಣಕ್ಕೆ ಸ್ವಲ್ಪ ಮುಂಚೆ ಈ ಕೆಲಸ ಮುಗಿಸಿಕೊಂಡರೆ ಹೊಸ ಕಂತಿನಲ್ಲೇ ರಿಯಾಯಿತಿ ಸೇರುತ್ತದೆ. ಆನ್‌ಲೈನಿನಲ್ಲಿ ನವೀಕರಿಸುವವರು, ಸಾಧನ ಇಲ್ಲದಿದ್ದರೂ ‘ಆಂಟಿ ಥೆಫ್ಟ್’ ಚೌಕಕ್ಕೆ ಗುರುತು ಹಾಕುವುದುಂಟು. ಮುನ್ನೂರು ರೂಪಾಯಿ ಉಳಿಸಲು ಹೋಗಿ ಕಾರಿನ ಪೂರ್ತಿ ಪರಿಹಾರವನ್ನೇ ವಿವಾದಕ್ಕೆ ತಳ್ಳುವ ಕೆಲಸ ಅದು, ಖಂಡಿತ ಮಾಡಬಾರದು.

ಟ್ಯಾಕ್ಸಿಗಳ ವಿಷಯ ಬೇರೆ. ಹಳದಿ ಫಲಕದ ವಾಹನಗಳಿಗೆ ಸಂಬಂಧಿಸಿದ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿಯ ನಿಯಮ ಬಂದದ್ದು ಮುಖ್ಯವಾಗಿ ಪ್ರಯಾಣಿಕರ ಸುರಕ್ಷತೆಗಾಗಿ. ಅದನ್ನು ಈ ರಿಯಾಯಿತಿಯೊಂದಿಗೆ ಬೆರೆಸಿಕೊಳ್ಳಬಾರದು.

ಸರ್ಕಾರ ಮನಸ್ಸು ಮಾಡಿದರೆ ಇದಕ್ಕಿಂತ ಹೆಚ್ಚು ಮಾಡಬಹುದು ಎಂಬುದಕ್ಕೆ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಿದರ್ಶನವಿದೆ. ಅಲ್ಲಿನ ಸರ್ಕಾರಿ ವಿಮಾ ನಿಗಮವು ಹೆಚ್ಚು ಕಳವಾಗುತ್ತಿದ್ದ ಮಾದರಿಗಳಿಗೆ ಇಮ್ಮೊಬಿಲೈಸರನ್ನು ಉಚಿತವಾಗಿ ಹಾಕಿಸಿಕೊಟ್ಟಿತು. 2007ರಲ್ಲಿ ವಿನ್ನಿಪೆಗ್ ನಗರದ ಅಂಥ ಕಾರುಗಳಿಗೆ ಅದು ಕಡ್ಡಾಯವೂ ಆಯಿತು. ಪದೇ ಪದೇ ಸಿಕ್ಕಿಬೀಳುತ್ತಿದ್ದ ಕಳ್ಳರ ಮೇಲೆ ಪೊಲೀಸರ ನಿಗಾವೂ ಸೇರಿ ನಂತರದ ವರ್ಷಗಳಲ್ಲಿ ಕಳವು ತೀವ್ರವಾಗಿ ಇಳಿಯಿತು. ನಮ್ಮಲ್ಲಿ 2002ರ ದರಪಟ್ಟಿ ಹೇಳಿದ 500 ರೂಪಾಯಿಯ ಮಿತಿಯಲ್ಲಿ ಇಂದಿಗೂ ವ್ಯವಹರಿಸುತ್ತಿರುವುದು ನ್ಯಾಯವಲ್ಲ, ಕನಿಷ್ಠ ಆ ಮಿತಿಯನ್ನಾದರೂ ಏರಿಸಬೇಕು.

ಅರ್ಹತೆಯಿದ್ದೂ ಕಂಪನಿ ರಿಯಾಯಿತಿ ನಿರಾಕರಿಸಿದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಬಿಲ್ಲು, ಪ್ರಮಾಣಪತ್ರ ಮತ್ತು ಎಂಡಾರ್ಸ್‌ಮೆಂಟನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡದೆ ಮನೆಯಲ್ಲೇ ಇಡಿ. ಕಾರು ಕಳವಾದರೆ ಎಫ್‌ಐಆರ್, ಪತ್ತೆಯಾಗಿಲ್ಲವೆಂದು ಪೊಲೀಸರು ಕೊಡುವ ‘ಸಿ’ ರಿಪೋರ್ಟ್ ಮತ್ತು ಕಾರಿನ ಎರಡೂ ಕೀಲಿಗಳ ಜೊತೆಗೆ ಕಂಪನಿಗೆ ಇವನ್ನೂ ಸಲ್ಲಿಸಬೇಕಾಗುತ್ತದೆ.