ಜನಾಂಗದ ಕಾರಣಕ್ಕೆ ಕಳೆದುಕೊಂಡ ಕೆಲಸವನ್ನು ಮರಳಿ ಪಡೆಯುವ ಕ್ರಮ

ಜನಾಂಗದ ಕಾರಣಕ್ಕೆ ಕೆಲಸ ಹೋದವರ ಕೈಗೆ ಆ ಕಾರಣವನ್ನು ನಮೂದಿಸಿದ ಆದೇಶ ಸಿಗುವುದು ಅಪರೂಪ. ಗೇಟಿನಲ್ಲೇ ತಡೆದು ಹಿಂದಕ್ಕೆ ಕಳಿಸಿದ ದಿನದಿಂದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಗೈರು’ ಎಂದು ಬೀಳುತ್ತದೆ. ಮುಂದೆ ಅದೇ ‘ಅನಧಿಕೃತ ಗೈರುಹಾಜರಿ’ಯಾಗಿ, ಕೊನೆಗೆ ‘ಸ್ವ ಇಚ್ಛೆಯಿಂದ ಸೇವೆ ತ್ಯಜಿಸಿದ್ದಾರೆ’ ಎಂಬ ಷರಾದೊಂದಿಗೆ ಖಾತೆ ಮುಚ್ಚುತ್ತದೆ. ಈ ಷರಾ ಉಳಿದಿರುವವರೆಗೆ ತಾರತಮ್ಯದ ವಾದಕ್ಕೆ ಬಲ ಬರುವುದಿಲ್ಲ.

ಹಾಗಾಗಿ ಮೊದಲು ಬರೆಯಬೇಕಾದದ್ದು ದೂರನ್ನಲ್ಲ, ಕೆಲಸಕ್ಕೆ ಹಾಜರಾಗಲು ಸಿದ್ಧ ಎಂದು ತಿಳಿಸುವ ಒಂದು ಪುಟದ ಪತ್ರವನ್ನು. ಹುದ್ದೆ, ವಿಭಾಗ, ಸೇವೆಗೆ ಸೇರಿದ ದಿನ, ತಡೆದ ದಿನ ಇವಿಷ್ಟೇ ಅದರಲ್ಲಿರಲಿ, ಸ್ವೀಕೃತಿಯನ್ನು ಜೋಪಾನವಾಗಿಡಿ. ಇಂಥ ಪತ್ರದ ಬೆಲೆ ದೊಡ್ಡದು. ಬೋಸ್ನಿಯಾ ಯುದ್ಧದ ನಂತರ ಆ ದೇಶದ ಎರಡು ಸ್ವಾಯತ್ತ ಘಟಕಗಳಲ್ಲಿ ಒಂದಾದ ಫೆಡರೇಶನ್ 1999ರಲ್ಲಿ ತಂದ ಕಾರ್ಮಿಕ ಕಾನೂನು, 31 ಡಿಸೆಂಬರ್ 1991ರಂದು ಕೆಲಸದಲ್ಲಿದ್ದವರು ಹಕ್ಕು ಕೇಳಬೇಕಾದರೆ ಕಾನೂನು ಜಾರಿಯಾದ 3 ತಿಂಗಳೊಳಗೆ ಮಾಲೀಕರನ್ನು ಲಿಖಿತವಾಗಿ ಅಥವಾ ಖುದ್ದಾಗಿ ಸಂಪರ್ಕಿಸಬೇಕೆಂದು ವಿಧಿಸಿತ್ತು. ದೇಶ ಬಿಟ್ಟು ಓಡಿದವರಿಗೆ ಇಷ್ಟು ಕಡಿಮೆ ಅವಧಿ ಅನ್ಯಾಯವೇ ಸರಿ, ಆದರೆ ಕಾಲಮಿತಿ ಯಾರಿಗೂ ಕಾಯುವುದಿಲ್ಲ.

ಸಾಕ್ಷ್ಯದ ವಿಷಯದಲ್ಲಿ, ಒಬ್ಬರ ಅನುಭವಕ್ಕಿಂತ ಇಡೀ ವಿಭಾಗದ ಪಟ್ಟಿ ಹೆಚ್ಚು ಮಾತನಾಡುತ್ತದೆ. ಮೊದಲು ಯಾರಿದ್ದರು, ಯಾರನ್ನು ತೆಗೆದರು, ಯಾರು ಉಳಿದರು, ಖಾಲಿಯಾದ ಜಾಗಕ್ಕೆ ಯಾವ ಸಮುದಾಯದವರು ಬಂದರು ಎಂಬುದನ್ನು ಹಳೆಯ ಸಹೋದ್ಯೋಗಿಗಳು ಒಟ್ಟಿಗೆ ಕುಳಿತು ಬರೆಯಬೇಕು. ಕಾರ್ಖಾನೆಯ ದಾಖಲೆಗಳು ಸುಟ್ಟುಹೋಗಿದ್ದರೂ ಪಿಂಚಣಿ ನಿಧಿಯ ವಂತಿಗೆಯ ಲೆಕ್ಕ ಬೇರೆ ಕಚೇರಿಯಲ್ಲಿ ಉಳಿದಿರುವ ಸಾಧ್ಯತೆ ಇರುವುದರಿಂದ ಅಲ್ಲಿಯೂ ವಿಚಾರಿಸಿ. ವಜಾಕ್ಕೆ ಕಾರಣ ಸರಿಯಿರಲಿಲ್ಲವೆಂದು ಸಾಬೀತುಪಡಿಸುವ ಹೊರೆ ಕಾರ್ಮಿಕನೊಬ್ಬನ ಮೇಲೆಯೇ ಬೀಳಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಡಂಬಡಿಕೆ ಹೇಳುತ್ತದೆ. ನಿಮ್ಮ ದೇಶ ಅದನ್ನು ಅನುಮೋದಿಸಿದೆಯೇ ಎಂದು ನೋಡಿಕೊಳ್ಳಿ.

ಬೇಡಿಕೆಯನ್ನು ಬರೆಯುವಾಗ ‘ಮತ್ತೆ ಕೆಲಸ ಕೊಡಿ’ ಎಂದಷ್ಟೇ ಬರೆದು ಕೈಬಿಡಬೇಡಿ. ಹೊಸ ನೇಮಕ ಎಂದು ಒಳಗೆ ಕರೆದುಕೊಂಡರೆ ಹಳೆಯ ಸೇವಾವಧಿಯೂ ಜ್ಯೇಷ್ಠತೆಯೂ ಕಳೆದುಹೋಗುತ್ತವೆ. ಬೋಸ್ನಿಯಾದ ಮೋಸ್ತಾರ್ ನಗರದ ಎರಡು ಕಾರ್ಖಾನೆಗಳಿಂದ ಜನಾಂಗದ ಕಾರಣಕ್ಕೆ ಹೊರಬಿದ್ದವರ ಪರವಾಗಿ ಕಾರ್ಮಿಕ ಸಂಘಗಳು ಸಲ್ಲಿಸಿದ ಅಹವಾಲಿನ ಮೇಲೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಿತಿ 1999ರಲ್ಲಿ ಮಾಡಿದ ಶಿಫಾರಸು ಇಲ್ಲಿ ಒಳ್ಳೆಯ ಮಾದರಿ: ನಷ್ಟಕ್ಕೆ ಪರಿಹಾರ, ಬಾಕಿ ವೇತನ, ಸಾಧ್ಯವಾದಷ್ಟೂ ಸೇವಾವಧಿ ಕಡಿತವಾಗದಂತೆ ಅದೇ ಹುದ್ದೆಗೆ ಮರಳಿಸುವಿಕೆ, ಅದು ಆಗದಿದ್ದರೆ ಮಾತ್ರ ತಕ್ಕ ಪರಿಹಾರಧನ. ಈ ಅನುಕ್ರಮವನ್ನು ತಲೆಕೆಳಗು ಮಾಡಿ ಹುದ್ದೆಯ ಬದಲಿಗೆ ಕೊಡುವ ಹಣವನ್ನೇ ಮೊದಲು ಕೇಳಿದವರಿಗೆ ಹುದ್ದೆ ಸಿಗುವುದು ಕಷ್ಟ.

ದೇಶದೊಳಗಿನ ದಾರಿಗಳು ಮುಚ್ಚಿದರೆ ಹೊರಗೆ ಎರಡು ಬಾಗಿಲುಗಳಿವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗೆ ಅಹವಾಲು ಸಲ್ಲಿಸಲು ವ್ಯಕ್ತಿಗೆ ಅವಕಾಶವಿಲ್ಲ, ಕಾರ್ಮಿಕ ಸಂಘದ ಮೂಲಕವೇ ಹೋಗಬೇಕು. ಜನಾಂಗೀಯ ತಾರತಮ್ಯ ನಿರ್ಮೂಲನೆಗಾಗಿ 1965ರಲ್ಲಿ ಆದ ವಿಶ್ವಸಂಸ್ಥೆಯ ಒಡಂಬಡಿಕೆಯ ಸಮಿತಿಗೆ ವ್ಯಕ್ತಿಯೇ ದೂರು ಕೊಡಬಹುದು, ಆದರೆ ಆ ಅಧಿಕಾರವನ್ನು ನಿಮ್ಮ ದೇಶ ಘೋಷಣೆಯ ಮೂಲಕ ಒಪ್ಪಿಕೊಂಡಿರಬೇಕು. ಸಾಮಾನ್ಯವಾಗಿ ಅಂತಿಮ ತೀರ್ಪಿನಿಂದ 6 ತಿಂಗಳೊಳಗೆ ದೂರು ತಲುಪಬೇಕಾದ್ದರಿಂದ, ಆ ತೀರ್ಪಿನ ದೃಢೀಕೃತ ಪ್ರತಿಯನ್ನು ಬಂದ ದಿನವೇ ತೆಗೆದಿಟ್ಟುಕೊಳ್ಳಿ.